ಬೆನ್ನ ಹಿಂದೆ ಕಟ್ಟಿದ ಹಾಡು

ಕಳೆದ ವರ್ಷದ ಕನ್ನಡ ರಾಜ್ಯೋತ್ಸವದ ಮಾತಿದು. ನಾನು ಹಾಸನದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಮನೆ ಹೊಳೆನರಸೀಪುರದಲ್ಲಿ, ದಿನಾ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನಲ್ಲಿ ಬರುತ್ತೇನೆ. ನನ್ನ ಲೈನಿನ, ಅಂದರೆ ನಾನು ನೋಡಿಕೊಳ್ಳುವ ಮೆಷಿನ್ ಸಾಲಿನ, ಟೈಲರುಗಳಲ್ಲಿ ಅರ್ಧ ಜನ ಅರಕಲಗೂಡು, ಕಟ್ಟಾಯ, ಚನ್ನರಾಯಪಟ್ಟಣದ ಕಡೆಯವರು. ಇನ್ನರ್ಧ ಜಾರ್ಖಂಡಿನಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು. ನನ್ನ ಬಾಯಿ ಸ್ವಲ್ಪ ಜೋರು ಎಂದು ಇಡೀ ಫ್ಯಾಕ್ಟರಿಗೆ ಗೊತ್ತು. ಆ ಬಾಯಿಯಿಂದಲೇ ಈ ಕಥೆ ಶುರುವಾದದ್ದು.

ಅದರ ಹಿಂದಿನ ವರ್ಷ ಕಾರ್ಯಕ್ರಮದಲ್ಲಿ ಎಲ್ಲರ ಜೊತೆ ಸುನೀತಾ ಎಂಬ ಜಾರ್ಖಂಡಿನ ಹುಡುಗಿಯನ್ನೂ ಹಾಡಲು ನಿಲ್ಲಿಸಿದ್ದರು. ಕನ್ನಡ ಓದಲು ಬಾರದ ಆ ಹುಡುಗಿ ಸುಮ್ಮನೆ ತುಟಿ ಆಡಿಸಿದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿಬಿಟ್ಟರು. ವಾರವಿಡೀ ಕ್ಯಾಂಟೀನಿನಲ್ಲಿ ಅದೇ ನಗು. ಆ ವಾರ ಸುನೀತಾ ಊಟದ ಹೊತ್ತಿಗೆ ಕ್ಯಾಂಟೀನಿಗೆ ಬರಲೇ ಇಲ್ಲ, ಮೆಷಿನ್ ಮುಂದೆ ಕೂತು ಬನ್ನು ತಿಂದಳು. ನನಗೆ ತುಂಬಾ ಕೆಟ್ಟದೆನಿಸಿತು. ನಿಜ ಹೇಳಬೇಕೆಂದರೆ ಮೊದಲ ದಿನ ನಾನೂ ನಕ್ಕಿದ್ದೆ.

ಕಳೆದ ವರ್ಷ ಒಂದೊಂದು ಲೈನಿನವರು ಒಂದೊಂದು ಹಾಡು ಹಾಡಬೇಕು, ಚೆನ್ನಾಗಿ ಹಾಡಿದವರಿಗೆ ಬಹುಮಾನ ಎಂದಾಯಿತು. ನಮ್ಮ ಎಚ್.ಆರ್. ಸಾಹೇಬರು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಜಾತಿಯವರು. ಕಾರ್ಯಕ್ರಮ ಜೋರಾಗಿ ಆಗಬೇಕು, ಆದರೆ ಅಭ್ಯಾಸಕ್ಕೆ ಟೀ ಸಮಯ ಬಿಟ್ಟು ಒಂದು ನಿಮಿಷವೂ ಸಿಗದು. ಹಿಂದಿಯ ಹುಡುಗಿಯರನ್ನು ಬಿಟ್ಟು ಹಾಡಿಸಿ, ಅವರು ಬೇಕಾದರೆ ಡ್ಯಾನ್ಸ್ ಮಾಡಲಿ ಎಂದರು. ನನಗೆ ರೇಗಿತು.

"ಸಾ, ನನ್ ಲೈನು ಅಂದ್ರೆ ಅಷ್ಟೂ ಜನಾನೂ ಸೇರಿ. ಹಾಡಿದ್ರೆ ಎಲ್ರೂ ಹಾಡ್ತಾರೆ" ಎಂದೆ.

"ಆಯ್ತಮ್ಮ. ಮಧ್ಯದಲ್ಲಿ ನಿಂತೋದ್ರೆ ಮುಂದಿನ ವರ್ಷದಿಂದ ಕನ್ನಡ ಬರೋರಿಗೆ ಮಾತ್ರ ಸ್ಟೇಜು. ಆಮೇಲೆ ನನ್ನ ಕೇಳ್ಬೇಡ" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗಿದ್ದದ್ದು ಹತ್ತು ದಿನ, ದಿನಕ್ಕೆ ಹತ್ತು ನಿಮಿಷದ ಟೀ ಬ್ರೇಕು.

ಚನ್ನರಾಯಪಟ್ಟಣದ ಕಡೆಯ ಗಿರಿಜಮ್ಮ ನಮ್ಮಲ್ಲಿ ಚೆಕಿಂಗ್ ಕೆಲಸ ಮಾಡುತ್ತಾಳೆ. ಹೊಲಿದ ಬಟ್ಟೆ ನೋಡುತ್ತಲೇ ಪದ ಕಟ್ಟುವವಳು. "ಹೊಳೆಯ ದಂಡೆ ನಮ್ಮ ಊರು, ದಾರ ಹಿಡಿದ ಕೈ ನೂರು" ಎಂದು ಅವಳೇ ಒಂದು ಹಾಡು ಬರೆದುಕೊಟ್ಟಳು. ಹುಡುಗಿಯರಿಗೆ ಹಿಂದಿ ಅಕ್ಷರ ಬರುತ್ತದಲ್ಲ, ಕನ್ನಡ ಹಾಡನ್ನೇ ಆ ಅಕ್ಷರದಲ್ಲಿ ಬರೆದರೆ ಓದಿಯಾರು ಎಂದು ನನಗೆ ಹೊಳೆಯಿತು. ತವರೂರು ಅರಕಲಗೂಡಿನ ಹೈಸ್ಕೂಲಿನಲ್ಲಿ ನಾನು ಪೆಟ್ಟು ತಿಂದು ಕಲಿತ ಹಿಂದಿ ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು.

ಬಟ್ಟೆ ಕತ್ತರಿಸುವ ಮುಂಚೆ ಅದರ ಮೇಲೆ ಅಳತೆಯ ಗೆರೆಗಳಿರುವ ದೊಡ್ಡ ಕಾಗದ ಹಾಸುತ್ತಾರೆ. ಮಾರ್ಕರ್ ಪೇಪರ್ ಎನ್ನುತ್ತೇವೆ. ಉಳಿದ ತುಂಡು ಎರಡನ್ನು ಕಟಿಂಗ್ ಮಾಸ್ಟರ್ ಕೊಟ್ಟರು. ಅವರು ಬಿಹಾರದವರು, ನಮ್ಮ ಜೊತೆ ಮಾತು ಕಡಿಮೆ, ತಲೆ ಅಲ್ಲಾಡಿಸಿಯೇ ಕೆಲಸ ಮುಗಿಸುತ್ತಾರೆ. ಒಂದು ಹಾಳೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಹಿಂದಿ ಅಕ್ಷರ ಬರೆದು ತೂಗುಹಾಕಿದೆ. ಅಭ್ಯಾಸ ಮಾಡಿಸಿದರೆ ದೇವರಿಗೇ ಪ್ರೀತಿ. ಒಂದೊಂದು ಹಾಳೆಯಲ್ಲಿ ಸಾಲು ಒಂದೊಂದು ಕಡೆ ಮುರಿದಿತ್ತು. ಕಟ್ಟಾಯದವರು ಉಸಿರು ತೆಗೆದುಕೊಳ್ಳುವಲ್ಲಿ ಜಾರ್ಖಂಡಿನವರು ಓಡುತ್ತಿದ್ದರು. ಎರಡು ದಿನ ಹೀಗೇ ಹಾಳಾಯಿತು.

ಆಮೇಲೆ ನಮ್ಮ ಕೆಲಸದಲ್ಲೇ ಉಪಾಯ ಸಿಕ್ಕಿತು. ನಮ್ಮಲ್ಲಿ ಒಂದು ಅಂಗಿಯ ಕಾಲರು, ತೋಳು, ಬೆನ್ನು ಎಲ್ಲ ಬೇರೆ ಬೇರೆ ಕೈಯಲ್ಲಿ ತಯಾರಾಗುತ್ತವೆ. ಪ್ರತಿ ತುಂಡಿಗೂ ನಂಬರ್ ಚೀಟಿ ಇರುತ್ತದೆ. ಏಳನೇ ನಂಬರಿನ ತೋಳು ಏಳನೇ ನಂಬರಿನ ಬೆನ್ನಿಗೇ ಸೇರಬೇಕು. ಹಾಡಿಗೂ ಹಾಗೇ ಮಾಡಿದೆ. ಒಂದೇ ದೊಡ್ಡ ಹಾಳೆ, ಎಡಕ್ಕೆ ಕನ್ನಡ, ಬಲಕ್ಕೆ ಹಿಂದಿ ಅಕ್ಷರ, ನಡುವೆ ಕೆಂಪು ನಂಬರು. ಒಂದನೇ ಸಾಲು ಒಂದನೇ ಸಾಲಿನ ಎದುರಿಗೇ ಬರುವ ಹಾಗೆ ಬರೆದೆ. ನಾನು ಗಜದ ಸ್ಕೇಲಿನಲ್ಲಿ ನಂಬರು ತೋರಿಸುವುದು, ಅವರು ಹಾಡುವುದು. ಅದೇ ದಿನ ಹಾಡು ಕೂಡಿಕೊಂಡಿತು. ಸುನೀತಾ ಮಾತ್ರ ಅಭ್ಯಾಸ ಮುಗಿದ ಮೇಲೂ ಆ ಹಾಳೆಯ ಮುಂದೆ ನಿಂತಿರುತ್ತಿದ್ದಳು.

ಇಷ್ಟರಲ್ಲಿ ಗಿರಿಜಮ್ಮ, ಹಾಡು ಚಿಕ್ಕದಾಯಿತು ಎಂದು ಎರಡು ದಿನ ಉಳಿದಿರುವಾಗ ಮೂರನೇ ಚರಣ ತಂದಳು. ಒಂಬತ್ತರಿಂದ ಹನ್ನೆರಡನೇ ನಂಬರಿನವರೆಗೆ ನಾಲ್ಕು ಸಾಲು ಎಂದು ಹಾಳೆಗೆ ಸೇರಿಸಿದೆ. ಅದು ನಮ್ಮವರಿಗೇ ಬಾಯಿಪಾಠ ಆಗಿರಲಿಲ್ಲ. ಹೇಗೂ ಹಾಳೆ ಎದುರಿಗಿರುತ್ತದಲ್ಲ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಕಾರ್ಯಕ್ರಮ ಇದ್ದದ್ದು ಕ್ಯಾಂಟೀನ್ ಹಾಲಿನಲ್ಲಿ. ಹಾಳೆಯನ್ನು ಜನರ ಹಿಂದಿನ ಗೋಡೆಗೆ, ಹಾಡುವವರಿಗೆ ಕಾಣುವಂತೆ ಕಟ್ಟಬೇಕಿತ್ತು. ಹೌಸ್‌ಕೀಪಿಂಗ್‌ನವರ ಕೈಗೆ ಸುರುಳಿ ಕೊಟ್ಟು, ಹುಡುಗಿಯರಿಗೆ ಸೀರೆ ಉಡಿಸಲು ಹೋದೆ. ಎಲ್ಲಿ ಕಟ್ಟಬೇಕೆಂದು ಹೇಳಲೇ ಇಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಯಾವ ಬೋರ್ಡಾದರೂ ಕೆಲಸ ಮಾಡುವವರ ಬೆನ್ನ ಹಿಂದೆಯೇ ಇರುತ್ತದೆ. ಇವತ್ತು ಎಷ್ಟು ಪೀಸು ಆಗಬೇಕು ಎನ್ನುವ ಬೋರ್ಡು ಕೂಡ ಬಂದುಹೋಗುವ ಸಾಹೇಬರಿಗೆ ಕಾಣಲಿ ಎಂದೇ ಇರುವುದು. ಅವರೂ ಅದೇ ರೂಢಿಯಲ್ಲಿ ಹಾಳೆಯನ್ನು ವೇದಿಕೆಯ ಹಿಂದೆ ಎತ್ತರಕ್ಕೆ ಬಿಗಿದು, ಸುತ್ತ ಹಳದಿ ಕೆಂಪು ಕಾಗದದ ಅಂಚನ್ನೂ ಅಂಟಿಸಿದ್ದರು.

ನಾನು ಸ್ಕೇಲು ಹಿಡಿದು ಹಾಲಿನ ಹಿಂಬದಿಗೆ ಹೋಗಿ ನೋಡುತ್ತೇನೆ, ಬರೀ ಗೋಡೆ. ಹಾಳೆ ಹುಡುಗಿಯರ ಬೆನ್ನ ಹಿಂದೆ. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ಲೈನಿನ ಹೆಸರು ಕೂಗಿಯಾಗಿತ್ತು. ವೇದಿಕೆಯಿಂದ ಎಲ್ಲರ ಕಣ್ಣೂ ನನ್ನ ಮೇಲೆ. ಶುರುಮಾಡಿ ಎಂದು ಕೈಸನ್ನೆ ಮಾಡಿದೆ, ಬೇರೆ ದಾರಿ ಇರಲಿಲ್ಲ.

ಮೊದಲ ಎರಡು ಚರಣ ಚೆನ್ನಾಗಿಯೇ ಬಂದವು. ಮೂರನೆಯದರ ಮೊದಲ ಸಾಲಿಗೇ ದನಿಗಳು ಒಂದೊಂದಾಗಿ ಉದುರಿದವು. ಅರಕಲಗೂಡಿನವರೂ ನಿಂತರು, ಜಾರ್ಖಂಡಿನವರೂ ನಿಂತರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಒಂದೆರಡು ಮೊಬೈಲು ಮೇಲೆದ್ದವು. ಸುನೀತಾಳ ಮುಖ ನೋಡಿದೆ. ಅವಳು ಅಳುವುದಕ್ಕೆ ಒಂದು ಕ್ಷಣ ಬಾಕಿ ಇತ್ತು.

ಆಮೇಲೆ ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಕುರ್ಚಿಗಳ ನಡುವೆ ನುಗ್ಗಿ, ಯಾರದೋ ಕಾಲು ತುಳಿದು, ವೇದಿಕೆ ಹತ್ತಿದೆ. ಹುಡುಗಿಯರ ಹಿಂದೆ ಹೋಗಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು ಹಾಳೆಗೆ ಸ್ಕೇಲು ಬಡಿದೆ. ಹಾಡುವವರಿಗೆ ಕಾಣದಿದ್ದರೇನು, ಕೇಳುವವರಿಗೆ ಕಾಣುತ್ತಿತ್ತಲ್ಲ.

"ಒಂಬತ್ತನೇ ನಂಬರು. ನಿಮ್ಗೆ ಯಾವ ಅಕ್ಷರ ಬತ್ತದೋ ಆ ಕಡೆ ನೋಡ್ಕಂಡು ನೀವೇ ಹೇಳ್ಕೊಡಿ" ಎಂದು ಜನರಿಗೆ ಕೂಗಿ ಹೇಳಿದೆ.

ಜನ ಹಾಳೆಯ ಕಡೆ ಕತ್ತೆತ್ತಿ ನೋಡಿದರು. ಆಮೇಲೆ ಒಂದು ದಪ್ಪ ಗಂಡು ದನಿ ಎದ್ದಿತು. ನಮ್ಮ ಮಾತಿಲ್ಲದ ಕಟಿಂಗ್ ಮಾಸ್ಟರ್, ಬಲಗಡೆಯ ಅಕ್ಷರ ನೋಡಿಕೊಂಡು "ಯಾವ ಊರ ನೀರೇ ಬರಲಿ" ಎಂದು ರಾಗವಿಲ್ಲದೆ, ಆದರೆ ಗಟ್ಟಿಯಾಗಿ ಓದಿದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಕ್ಯಾಂಟೀನಿನ ಹೆಂಗಸರು ಎಡಗಡೆ ನೋಡಿ ಅದಕ್ಕೆ ರಾಗ ಕೂಡಿಸಿದರು. ಹತ್ತನೇ ನಂಬರಿಗೆ ಸ್ಕೇಲು ಇಳಿಸಿದೆ, ಅರ್ಧ ಹಾಲು ಹಾಡಿತು. ಹನ್ನೊಂದಕ್ಕೆ ಇಡೀ ಹಾಲು ಹಾಡಿತು. ಕೇಳಿಸಿಕೊಂಡ ಹುಡುಗಿಯರು ದನಿ ಎತ್ತಿದರು. ಎಲ್ಲಕ್ಕಿಂತ ಮೇಲೆ ಸುನೀತಾಳ ದನಿ ಕೇಳುತ್ತಿತ್ತು. ಜನ ಬಿಡಲೊಲ್ಲರು, ಆ ಚರಣವನ್ನು ಮೂರು ಸಲ ಹಾಡಿಸಿದರು. ಸ್ಟೂಲಿನ ಮೇಲೆ ನಿಂತ ನನಗೆ ಊರನ್ನೇ ಗೆದ್ದಷ್ಟು ಹೆಮ್ಮೆಯಾಯಿತು.

ಮೊದಲ ಬಹುಮಾನ ಬೇರೆ ಲೈನಿಗೆ ಹೋಯಿತು. ಕೇಳುವವರಿಂದ ಹಾಡಿಸಿದ್ದು ಸ್ಪರ್ಧೆಯ ನಿಯಮಕ್ಕೆ ಸರಿಯಲ್ಲವಂತೆ. ಹೋಗಲಿ. ಎಚ್.ಆರ್. ಸಾಹೇಬರು ಮಾತ್ರ ನನ್ನನ್ನು ಕರೆದು, ಮುಂದಿನ ವರ್ಷ ಎಲ್ಲ ಲೈನಿನ ಹಾಡನ್ನೂ ಹೀಗೇ ಎರಡು ಅಕ್ಷರದಲ್ಲಿ ಬರೆಸಿ, ಎಲ್ಲರೂ ಹಾಡಲಿ ಎಂದರು. ಅವರೂ ಹನ್ನೆರಡನೇ ಸಾಲು ಹಾಡಿದ್ದನ್ನು ನಾನು ಸ್ಟೂಲಿನ ಮೇಲಿಂದ ನೋಡಿದ್ದೆ, ಹೇಳಿ ಮುಜುಗರ ಮಾಡಲಿಲ್ಲ.

ಮುಂದಿನ ಭಾನುವಾರ ಸುನೀತಾಳನ್ನು ನಮ್ಮ ಮನೆಗೆ ಊಟಕ್ಕೆ ಕರೆದಿದ್ದೆ. ಹಾಸ್ಟೆಲಿನಿಂದ ಅವಳನ್ನು ಕರೆದುಕೊಂಡು ಬಂದರೆ ಹಾಸನದ ಬಸ್ ನಿಲ್ದಾಣದಲ್ಲಿ ನೂಕುನುಗ್ಗಲು. ನಮ್ಮೂರ ಬಸ್ಸು ಎಲ್ಲಿ ನಿಂತಿದೆ ಎಂದು ನಾನು ಯಾರನ್ನಾದರೂ ಕೇಳೋಣವೆಂದು ತಿರುಗುವಷ್ಟರಲ್ಲಿ ಅವಳು ಒಂದು ಬಸ್ಸಿನ ಮುಂದೆ ನಿಂತು ಬೋರ್ಡಿನ ಒಂದೊಂದೇ ಅಕ್ಷರಕ್ಕೆ ಬೆರಳು ತೋರಿಸುತ್ತಿದ್ದಳು. ದಿನಾ ಆ ಹಾಳೆಯ ಮುಂದೆ ನಿಂತು ಬಲಗಡೆಯದನ್ನು ಎಡಗಡೆಯದಕ್ಕೆ ಹೊಂದಿಸಿ ಕನ್ನಡ ಅಕ್ಷರ ಕಲಿತುಬಿಟ್ಟಿದ್ದಳು.

"ಅಕ್ಕಾ, ಹೊ-ಳೆ-ನ-ರ-ಸೀ-ಪು-ರ. ಇದೇ ಬಸ್ಸು" ಎಂದಳು.

ನನಗೆ ಕಣ್ಣು ತುಂಬಿ ಬಂತು. ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಈ ಹುಡುಗಿಗೆ ಒಂದು ಅಕ್ಷರ ಹೇಳಿಕೊಡೋಣ ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಆ ಸಂಕಟ ಈಗಲೂ ಇದೆ, ಅದರ ಜೊತೆಗೇ ಅವಳು ಬೋರ್ಡು ಓದಿದ ಆ ಸಂತೋಷವೂ ಇದೆ. ಅವತ್ತು ಆ ಗದ್ದಲದಲ್ಲಿ ಅವಳೇ ನನ್ನ ಕೈ ಹಿಡಿದು ನಮ್ಮೂರ ಬಸ್ಸು ಹತ್ತಿಸಿದಳು.