ಬಂದವರ ಮುಂದೆ ಎಲ್ಲಾ ಚೊಲೋ

ಹರಪನಹಳ್ಳಿಯ ಹೊರಗೆ ಅಂಗಿ ಹೊಲಿಯುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ನನ್ನ ಸಾಲಿನಲ್ಲಿ ಅರ್ಧ ಜನ ಪಿಯುಸಿ ಮುಗಿಸಿ ಬಂದ ಹುಡುಗಿಯರು, ಇನ್ನರ್ಧ ಐವತ್ತರ ಆಸುಪಾಸಿನವರು. ಎಲ್ಲರಿಗೂ ಬೆನ್ನಾಸರೆ ಇಲ್ಲದ ಸ್ಟೂಲುಗಳೇ. ನಮ್ಮ ತಾಲ್ಲೂಕಿನದೇ ಅರಸೀಕೆರೆಯಿಂದ ಬರುವ ಹಿರಿಯಾಕೆಯೊಬ್ಬಳಿದ್ದಾಳೆ, ಹುಡುಗಿಯರ ಬಾಯಲ್ಲಿ ದೊಡ್ಡವ್ವ. ಚಳಿಗಾಲದಲ್ಲಿ ಅವಳಿಗೆ ಸೊಂಟ ಹಿಡಿಯಿತು.

‘ಯುಗಾದಿ ತನಕ ಹೆಂಗಾರ ಬರ್ತೀನವ್ವಾ. ಆಮ್ಯಾಲ ಆಗದಿಲ್ಲ’ ಎಂದು ನನ್ನ ಹತ್ತಿರ ಕಣ್ಣು ತುಂಬಿಕೊಂಡಿದ್ದಳು. ಕಾಲರ್ ಕೂರಿಸುವ ಕೆಲಸವೆಂದರೆ ಅವಳಿಗೆ ಜೀವ. ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ಆ ದಿನಗಳಲ್ಲೇ ಮಾಲೀಕರ ಆಫೀಸಿನಿಂದ ಒಬ್ಬ ತರುಣ ಬಂದ. ಯಾವ ವಯಸ್ಸಿನವರಿಗೆ ಕೆಲಸದಲ್ಲಿ ಎಷ್ಟು ಮನಸ್ಸಿದೆ ಎಂದು ತಿಳಿಯಬೇಕಂತೆ. ಹೊಸ ಕುರ್ಚಿಗಳು ಬರುವುದಿತ್ತು, ಆದರೆ ಈ ಸಲ ಅರ್ಧ ಸಾಲಿಗಷ್ಟೇ. ಯಾರಿಗೆ ಎನ್ನುವುದು ಅವನು ಬರೆದುಕೊಡುವ ವರದಿಯ ಮೇಲೆ. ಒಂದೊಂದೇ ಮಷೀನಿನ ಪಕ್ಕ ನಿಂತು ಕೇಳುತ್ತ ಹೋದ.

ಹುಡುಗಿಯರು ಬಿಡಲಿಲ್ಲ. ‘ಫ್ಯಾನ್ ತಿರಗತೈತಿ, ಗಾಳಿ ಬರದಿಲ್ರಿ ಸಾರ್. ನೀವು ಚಾ ಅಂತೀರಲ್ಲ, ಅದು ಬಿಸಿನೀರು ಐತ್ರಿ!’

ದೊಡ್ಡವ್ವನ ಸರದಿ ಬಂತು. ಸೆರಗು ಸರಿಮಾಡಿಕೊಂಡು, ‘ಏನೂ ತೊಂದ್ರಿ ಇಲ್ರಿ. ಎಲ್ಲಾ ಚೊಲೋ ಐತಿ. ನಿಮ್ದು ಊಟ ಆತೇನ್ರಿ?’ ಎಂದಳು. ಉಳಿದ ಹಿರಿಯರದೂ ಇದೇ ಮಾತು.

‘ವಯಸ್ಸಾದವರು ಸಂತೋಷವಾಗಿದ್ದಾರೆ ಮೇಡಂ’ ಎಂದ ಆತ. ‘ಹುಡುಗಿಯರಿಗೇ ಕೆಲಸದಲ್ಲಿ ಮನಸ್ಸಿಲ್ಲ. ಕುರ್ಚಿ ಅವರ ಕಡೆ ಹಾಕೋಣ, ಇಲ್ಲದಿದ್ದರೆ ಬಿಟ್ಟುಹೋದಾರು.’

ನನಗೆ ನಮ್ಮ ಅಜ್ಜಿ ನೆನಪಾದಳು. ಜ್ವರದಲ್ಲಿ ಮಲಗಿದ್ದರೂ ಬಾಗಿಲಲ್ಲಿ ಯಾರಾದರೂ ಕೂಗಿದರೆ ಎದ್ದು ತುರುಬು ಕಟ್ಟಿ, ‘ಆರಾಮ ಅದೀನಿ, ಒಳಗ ಬರ್ರಿ’ ಅನ್ನುತ್ತಿದ್ದಳು. ಅವರು ಹೋದ ಮೇಲೆ ನರಳಾಟವೆಲ್ಲ ನಮ್ಮ ಪಾಲಿಗೆ. ತನ್ನವರೆಂದು ಅನ್ನಿಸಿದವರ ಮುಂದೆ ಮಾತ್ರ ಅವಳಿಗೆ ನೋವಾಗುತ್ತಿತ್ತು.

‘ಇವತ್ತೇ ಬರೀಬೇಡಿ. ನಮ್ಮ ಜೊತೆ ಊಟಕ್ಕೆ ಕೂಡ್ರಿ’ ಎಂದೆ.

ನೆಲದ ಮೇಲೆ ಎಲ್ಲರ ನಡುವೆ ಕೂತ. ದೊಡ್ಡವ್ವ ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವನ ಕೈಗಿಟ್ಟಳು.

‘ಯಾವೂರ್ರಿ ನಿಮ್ದು?’

‘ಗುಡೇಕೋಟಿ.’

‘ಅಯ್ಯ ನಿನ್ನ! ನನ್ನ ತವರುಮನಿ ಅಲ್ಲೇ ಸನೇದಾಗ ಐತಿ. ಇಷ್ಟೊತ್ತು ಪ್ಯಾಟಿ ಮಂದಿ ಹಂಗ ಮಾತಾಡಿದ್ಯಲ್ಲೋ!’ ಇನ್ನೊಂದು ರೊಟ್ಟಿ ಬಿತ್ತು, ಹಿಂದೆಯೇ ಬೈಗುಳವೂ. ‘ನೋಡು ತಮ್ಮಾ, ಆ ಸ್ಟೂಲಿನ ಮ್ಯಾಲ ಒಂದಿನ ನಿಮ್ಮವ್ವನ್ನ ಕುಂದ್ರಸು. ಸಂಜಿಕ ಆಕಿ ಎದ್ದು ನಿಂತ್ರ ನನ್ನ ಕೇಳು. ನನ್ನ ಸೊಂಟ ಮುರದು ಕೈಗೆ ಬಂದೈತಿ!’

ಉಳಿದ ಹಿರಿಯರಿಗೂ ನಾಲಿಗೆ ಬಂತು. ಒಬ್ಬಳಿಗೆ ಮೊಣಕಾಲು, ಇನ್ನೊಬ್ಬಳಿಗೆ ಕಣ್ಣು. ಆ ತರುಣ ಕೈಯಲ್ಲಿದ್ದ ತುತ್ತನ್ನು ಮರೆತೇ ಕೂತಿದ್ದ.

‘ಈಗಷ್ಟ ಎಲ್ಲಾ ಚೊಲೋ ಐತಿ ಅಂದ್ಯಲ್ಲ ದೊಡ್ಡವ್ವ?’ ಹುಡುಗಿಯೊಬ್ಬಳು ಕಿಚಾಯಿಸಿದಳು.

‘ಹೋಗಲೇ ನಿನ್ನ. ಆವಾಗ ಅಂವ ಯಾರೋ ಬಂದಾವ. ಈಗ ನಮ್ಮ ರೊಟ್ಟಿ ತಿಂದಾನ.’

ಹುಡುಗಿಯರಿಗೂ ಕೆಲಸ ಬೇಡವಾಗಿರಲಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಿಡುವವರು ಚಹಾದ ರುಚಿಗೇಕೆ ಜಗಳ ಕಾಯುತ್ತಾರೆ? ಅವರು ಯಾರ ಮುಂದಾದರೂ ಅಂದುಬಿಡುತ್ತಾರೆ, ಹಿರಿಯರು ಮನುಷ್ಯರನ್ನು ನೋಡಿ ಅನ್ನುತ್ತಾರೆ. ವಯಸ್ಸು ತಂದ ವ್ಯತ್ಯಾಸ ಅಷ್ಟೇ ಇರಬೇಕು.

ಕುರ್ಚಿಗಳು ಹಿರಿಯರ ಕಡೆಗೇ ಬಂದವು. ಯುಗಾದಿ ಮುಗಿಸಿ ದೊಡ್ಡವ್ವ ಹೋಳಿಗೆಯ ಡಬ್ಬಿ ಹಿಡಿದು ಕೆಲಸಕ್ಕೆ ಬಂದಳು. ಕಾಲರ್ ಕೈಗೆತ್ತಿಕೊಂಡು, ಹಿಂದಕ್ಕೊರಗಿ, ನನ್ನ ಕಡೆ ತಿರುಗಿದಳು.

‘ಈ ಕುರ್ಚಿ ಒಂದೀಟು ಎತ್ತರ ಆಗೈತಿ. ಆ ಗುಡೇಕೋಟಿ ತಮ್ಮಗ ಹೇಳವ್ವಾ.’

‘ಹೇಳ್ತೀನಿ’ ಎಂದೆ. ಅಷ್ಟು ಸಮಾಧಾನ ಕೊಟ್ಟ ದೂರನ್ನು ನಾನು ಬೇರೆ ಕೇಳಿಲ್ಲ.