ಹೂಕುಂಡದ ಹವಳವೂ ಫಿನಾಯಿಲಕ್ಕನೂ

ಆಸ್ಪತ್ರೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಫಿನಾಯಿಲಕ್ಕ. ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ ಕತ್ತರಿ, ಚಿಮಟಗಳನ್ನು ತೊಳೆದು, ಹಬೆಯ ಯಂತ್ರಕ್ಕೆ ಹಾಕಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ ಕಳಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ದೊಡ್ಡ ಡಾಕ್ಟರೂ ಅವಳ ಹೊಸ್ತಿಲಾಚೆಯೇ ನಿಂತು ಮಾತಾಡಬೇಕು. ಮನೆಯಲ್ಲೂ ಅದೇ ಕಾನೂನು. ಗಂಡ ಬಸ್ಸು ಓಡಿಸಿ ಬಂದರೆ ಸೀದಾ ಬಚ್ಚಲಿಗೆ; ಅತ್ತೆ ಬಿಸ್ಕತ್ತು ತಿಂದರೆ ಮಡಿಲಲ್ಲಿ ತಟ್ಟೆ. "ನಿನ್ನ ಕೈಗೆ ಸಿಕ್ಕಿದ್ರೆ ಚಂದ್ರನ ಕಲೇನೂ ಉಜ್ಜಿ ತೆಗೀತೀಯ," ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಅಂಥವಳಿಗೆ ಸಮುದ್ರದ ಹುಚ್ಚು ಹೇಗೆ ಹಿಡಿಯಿತೆಂದು ಕೇಳಬೇಡಿ. ಹುಚ್ಚು ಹೇಳಿ ಕೇಳಿ ಬರುವುದಿಲ್ಲ. ಹಜಾರದಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ, ಅದರಲ್ಲಿ ಅಳೆದು ಬೆರೆಸಿದ ಉಪ್ಪುನೀರು, ಕಲ್ಲುಗಳು, ಮೂರು ಕಿತ್ತಳೆ ಬಣ್ಣದ ಮೀನು, ಅಲ್ಲಲ್ಲಿ ಗಟ್ಟಿ ಜೀವದ ಹವಳಗಳು. ಆದರೆ ಅವಳ ಮನಸ್ಸು ಕೂತದ್ದು ಹೂಕುಂಡದ ಹವಳದ ಮೇಲೆ. ಮುಷ್ಟಿಯಷ್ಟು ಕಲ್ಲಿನಿಂದ ಬೆರಳುದ್ದದ ದಂಟುಗಳು ಹೊರಟು, ಒಂದೊಂದರ ತುದಿಯಲ್ಲೂ ಇಪ್ಪತ್ತನಾಲ್ಕು ಎಸಳು ಬಿಚ್ಚಿ ಹಗಲೆಲ್ಲ ತೂಗಾಡುವ ಪ್ರಾಣಿ ಅದು. ಮಹಾ ಮೋಸಗಾರ ಜಾತಿ: ಮೊದಲು ಚೆನ್ನಾಗಿ ಅರಳಿ ನಂಬಿಸುತ್ತದೆ, ಕೆಲವೇ ತಿಂಗಳಲ್ಲಿ ಸೊರಗಿ ಹೋಗುತ್ತದೆ. ಅವಳ ಕೈಯಲ್ಲಿ ಆಗಲೇ ಎರಡು ಹೋಗಿದ್ದವು. ಮೂರನೆಯದನ್ನು ತಂದ ದಿನ, "ಇದೂ ಹೋದ್ರೆ ತೊಟ್ಟಿ ಖಾಲಿ ಮಾಡ್ತೀನಿ. ಸಾಯಿಸೋದಕ್ಕೆ ಅಂತ ಯಾರೂ ಸಾಕಬಾರದು," ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು.

ನಾಲ್ಕನೇ ತಿಂಗಳಿಗೆ ಮೂರನೆಯದೂ ಮುದುಡಿತು. ದಂಟುಗಳು ಗಿಡ್ಡವಾದವು, ಒಂದು ಅಂಚಿನಲ್ಲಿ ಮಾಂಸ ಸರಿದು ಬಿಳಿ ಎಲುಬು ಕಂಡಿತು. ಅವಳು ಮಾಡಿದ್ದೇನು? ತನಗೆ ಗೊತ್ತಿದ್ದನ್ನೇ ಇನ್ನಷ್ಟು ಮಾಡಿದಳು. ವಾರಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ಎರಡು ಸಲ ಬದಲಿಸಿದಳು. ನೀರು ಸೋಸುವ ಬಟ್ಟೆಚೀಲವನ್ನು ದಿನಾ ಕುದಿಸಿದಳು. ನೊರೆಯೆಬ್ಬಿಸಿ ಕೊಳೆ ಎಳೆಯುವ ಯಂತ್ರಕ್ಕೆ ಒಂದು ಗಳಿಗೆಯೂ ವಿರಾಮ ಕೊಡಲಿಲ್ಲ. ಹವಳ ಇನ್ನೂ ಮುದುಡಿತು.

ಕೊನೆಗೆ ಹವಳ ಮಾರಿದ ಅಂಗಡಿಯವನನ್ನೇ ಮನೆಗೆ ಕರೆಸಿದಳು. ಆತ ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿ, ನೀರಿನ ಮೇಲೆ ಬಾಗಿ ಮೂಸಿದ. "ಅಕ್ಕಾ, ಸಮುದ್ರದ ವಾಸನೇನೇ ಇಲ್ವಲ್ಲ!"

"ಹೇಗೆ ಇರುತ್ತೆ?" ಹೆಮ್ಮೆಯಿಂದ, ನೀರಿನ ಕೊಳೆ ಅಳೆಯುವ ಪರೀಕ್ಷೆಯ ಸೀಸೆಗಳನ್ನು ಸಾಲಾಗಿಟ್ಟಳು. "ನೋಡಿ ಅಣ್ಣ, ನೈಟ್ರೇಟ್ ಸೊನ್ನೆ. ಫಾಸ್ಫೇಟ್ ಸೊನ್ನೆ. ಮೊದಲಿಂದ್ಲೂ ಸೊನ್ನೆ!"

ಅಂಗಡಿಯವನು ಹಣೆಗೆ ಕೈ ಹಚ್ಚಿದ. "ಇದು ತೊಟ್ಟಿ ಅಲ್ಲಕ್ಕಾ, ಆಪರೇಷನ್ ಥಿಯೇಟರು. ಇದಕ್ಕೆ ಆಪರೇಷನ್ ಬೇಡ, ಊಟ ಬೇಕು. ನೀರಲ್ಲಿ ಒಂಚೂರು ಕೊಳೆ ಇರ್ಲಿ. ಅದೇ ಇದರ ಅನ್ನ."

ಅತ್ತೆ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ. ಅಂಗಡಿಯವನು ಹೋದ ಮೇಲೆ ಸೋಫಾದ ತುದಿಗೆ ಕೂತು, "ಹಾಗಾದ್ರೆ ಆ ಎರಡನ್ನೂ ನಾನೇ ತೊಳೆದು ತೊಳೆದು ಕೊಂದೆ, ಅಲ್ವಾ ಅತ್ತೆ?" ಎಂದಳು. ಅತ್ತೆಯ ನಗು ಅಲ್ಲಿಗೇ ನಿಂತಿತು.

"ಹಸಿದಿದೆ ಅಂತ ಅದೇನು ಬಾಯಿ ಬಿಟ್ಟು ಹೇಳ್ತಾ? ಈಗ ಗೊತ್ತಾಯ್ತಲ್ಲ. ಇದಕ್ಕಾದ್ರೂ ಬಡಿಸು."

ಅಂಗಡಿಯವನು ಹೇಳಿ ಹೋದ ಪಥ್ಯ ಇಷ್ಟೇ: ನೀರು ಬದಲಿಸುವುದು ತಿಂಗಳಿಗೊಮ್ಮೆ, ಬಟ್ಟೆಚೀಲ ಪೂರ್ತಿ ತೆಗೆದುಬಿಡುವುದು, ನೊರೆಯ ಯಂತ್ರ ಅರ್ಧ ದಿನ, ಕೊಳೆ ಹೆಚ್ಚಲೆಂದು ಇನ್ನೆರಡು ಮೀನು, ದಿನ ಬಿಟ್ಟು ದಿನ ನುಣ್ಣನೆಯ ಪುಡಿ ಆಹಾರವನ್ನು ಪಿಚಕಾರಿಯಲ್ಲಿ ಹವಳದ ಮೇಲೆ ಮೆಲ್ಲಗೆ ಬಿಡುವುದು. ಇದರಲ್ಲಿ ಮಾಡುವ ಕೆಲಸ ಕಡಿಮೆ, ಮಾಡದೆ ಇರುವ ಕೆಲಸವೇ ಹೆಚ್ಚು. ಫಿನಾಯಿಲಕ್ಕನಿಗೆ ಸುಮ್ಮನಿರುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ. ಬೇಕಿದ್ದರೆ ಬೆಟ್ಟ ಅಗೆಯಿರಿ ಎನ್ನಿ, ಅಗೆದಾಳು. ಎದುರಿಗೆ ಕಲ್ಲಿನ ಮೇಲೆ ಕಂದು ಪಾಚಿ ಏರುತ್ತಿರುವಾಗ ಕೈ ಕಟ್ಟಿ ಕೂರುವುದೆಂದರೆ!

ಅತ್ತೆ ಕಾವಲಿಗೆ ಕುರ್ಚಿ ಹಾಕಿಕೊಂಡರು. ಮೂರನೇ ವಾರ, ಬೆಳಗಿನ ಕಾಫಿಯ ಹೊತ್ತಿಗೆ, ಸೊಸೆ ಸೆರಗಿನ ಮರೆಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು ತೊಟ್ಟಿಯತ್ತ ಜರುಗುವುದನ್ನು ಕಂಡರು.

"ಎಲ್ಲಿಗೆ ಸವಾರಿ?"

"ಒಂದೇ ಒಂದು ಕಲ್ಲು ಅತ್ತೆ..."

"ಅದರ ತಟ್ಟೆಯಿಂದ ತುತ್ತು ಕಸ್ಕೋತೀಯಾ? ಕೊಡಿಲ್ಲಿ!"

ಬ್ರಷ್ಷು ಅತ್ತೆಯ ದಿಂಬಿನಡಿ ಸೇರಿತು. ಸೀಸೆಯಲ್ಲಿ ನೈಟ್ರೇಟು ಎರಡಾಯಿತು, ಐದಾಯಿತು. ಅವಳು ಆ ಅಂಕಿಗಳನ್ನು ಮಕ್ಕಳ ಜ್ವರ ನೋಡುವಂತೆ ನೋಡಿದಳು. ಹವಳ ಮಾತ್ರ ಮುದುಡಿಕೊಂಡೇ ಇತ್ತು. ಪಿಚಕಾರಿ ಹಿಡಿದಾಗಲೆಲ್ಲ ಈ ಸಲವೂ ತಡವಾಯಿತೋ ಏನೋ ಎಂಬ ಭಯ.

ಏಳನೇ ವಾರದ ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹವಳ ಅರಳಿತ್ತು. ಅರಳಿತ್ತೆಂದರೆ ಸುಮ್ಮನೆ ಅಲ್ಲ: ದಂಟುಗಳೆಲ್ಲ ಬೆರಳುದ್ದ ಚಾಚಿ, ನೀರಿನ ಸೆಳೆತಕ್ಕೆ ಒಟ್ಟಿಗೇ ವಾಲಿ, ಒಟ್ಟಿಗೇ ಏಳುತ್ತಿದ್ದವು. ಎಲುಬು ಕಂಡಿದ್ದ ಅಂಚಿನ ಮೇಲೆ ತೆಳ್ಳಗೆ ಗುಲಾಬಿ ಮಾಂಸ ಹಬ್ಬಿತ್ತು. ಅದರಲ್ಲೊಂದು ಸಾಸಿವೆ ಕಾಳಿನಷ್ಟು ಹೊಸ ಮೊಗ್ಗು.

ಆಸ್ಪತ್ರೆಯ ಬಟ್ಟೆ ಬದಲಿಸಲಿಲ್ಲ, ಕೈ ತೊಳೆಯಲಿಲ್ಲ, ನೆಲಕ್ಕೆ ಮಂಡಿಯೂರಿ ಗಾಜಿಗೆ ಕೆನ್ನೆ ಒತ್ತಿದಳು. ಒಂದು ಹೂವಿನ ಎಸಳು ಎಣಿಸಿದಳು, ಇಪ್ಪತ್ತನಾಲ್ಕು. ಇನ್ನೊಂದನ್ನು ಎಣಿಸಹೋದರೆ ಕಣ್ಣು ಮಂಜಾಯಿತು. ಗಾಬರಿಯಿಂದ ಅತ್ತೆ ಓಡಿ ಬಂದರು.

"ಏನಾಯ್ತೇ? ಹೋಯ್ತಾ?"

"ಇಲ್ಲ ಅತ್ತೆ," ಎಂದಳು, ಅಳುತ್ತಲೇ ನಗುತ್ತ. "ಬದುಕಿದೆ. ನನ್ನ ಕೈಯಲ್ಲೇ ಬದುಕಿದೆ."