ಬೀಡಿಯ ವರದಿಗೆ ಬಿದ್ದ ಕೆಂಪು ಶಾಯಿ

ಅವತ್ತು ಬೆಳಿಗ್ಗೆ ಎಂದಿನಂತೆ ಗಂಡನಿಗೆ ಬುತ್ತಿ ಕಟ್ಟಿ, ಅವರನ್ನು ಬಸ್ಸಿಗೆ ಕಳುಹಿಸಿ, ಕೊನೆಯ ನೀರುದೋಸೆಯನ್ನು ಕಾವಲಿಯಿಂದ ತೆಗೆಯುವ ಹೊತ್ತಿಗೆ ಮಹಡಿಯ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಂಟ್ವಾಳದ ಕಡೆಯವಳು. ಕಾವೂರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಓದುತ್ತಿದ್ದಳು. ದೋಸೆ ಮುಟ್ಟಲಿಲ್ಲ, ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲಿಟ್ಟಳು.

“ಸರ್ ವಾಪಸ್ ಕೊಟ್ರು ಆಂಟಿ. ಸೋಮವಾರದೊಳಗೆ ಬೇರೆ ಬರೆದು ಕೊಡದಿದ್ರೆ ಪರೀಕ್ಷೆಗೆ ಕೂರ್ಲಿಕ್ಕಿಲ್ಲವಂತೆ.”

ಬೀಡಿ ಕಟ್ಟುವ ಹೆಂಗಸರ ಬಗ್ಗೆ ಅವಳು ಇಂಗ್ಲಿಷಿನಲ್ಲಿ ಬರೆದ ವರದಿ ಅದು. ಅವಳ ಅಮ್ಮನೂ ಬೀಡಿ ಕಟ್ಟುವವರೇ. ಹುಡುಗಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಾನು ಕಾನ್ವೆಂಟಿನಲ್ಲಿ ಕಲಿತವಳೆಂದು, ಹೇಗೆ ಬರೆಯುವುದೆಂದು ಕೇಳಲು ಬಂದಾಗ, “ನೋಡಿದ್ದನ್ನು ನಿನ್ನ ಮಾತಿನಲ್ಲೇ ಬರೆ, ತಪ್ಪಾದ್ರೆ ಆಗಲಿ” ಎಂದವಳು ನಾನೇ.

ಪುಟ ತಿರುಗಿಸಿದೆ. ಇಂಗ್ಲಿಷ್ ತಪ್ಪಿದಲ್ಲೆಲ್ಲ ಕೆಂಪು ವೃತ್ತ. ಎಲೆ, ತಂಬಾಕಿನ ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಕುತ್ತಿಗೆ ಬಗ್ಗಿಸಿ ಕೂರುವ ಹೆಂಗಸರು ಬಾಗಿಲಿಗೆ ಬಂದವರನ್ನು ಕಾಲು ನೋಡಿಯೇ ಗುರುತಿಸುತ್ತಾರೆ ಎಂದು ಒಂದು ಕಡೆ ಬರೆದಿದ್ದಳು. ಓದುತ್ತ ನನ್ನ ಕುತ್ತಿಗೆಯೇ ಸೆಳೆಯಿತು. ಆ ಒಂದು ವಾಕ್ಯಕ್ಕೆ ನಾಲ್ಕು ವೃತ್ತ. ಕೊನೆಯ ಪುಟದಲ್ಲಿ, ಮಾದರಿ ನೋಡಿ ಬರೆಯಬೇಕೆಂಬ ಅಪ್ಪಣೆ.

ಮಾದರಿಯೆಂದರೆ ಹಿಂದೆ ಯಾರೋ ಮೀನು ಮಾರುವ ಹೆಂಗಸರ ಬಗ್ಗೆ ಬರೆದ, ವಿಭಾಗದ ಕಪಾಟಿನಲ್ಲಿರುವ ವರದಿ. ವರ್ಷವರ್ಷವೂ ಎಲ್ಲರೂ ಅದನ್ನೇ ಇಳಿಸಿಕೊಂಡು ಊರು, ಕಸುಬು ಮಾತ್ರ ಬದಲಿಸುತ್ತಾರಂತೆ. ಹಾಗೆ ಮಾಡಿದ ಇವಳ ಗೆಳತಿ ಯಾರ ಮನೆಯ ಮೆಟ್ಟಿಲನ್ನೂ ಹತ್ತಿದವಳಲ್ಲ. ಅವಳಿಗೆ ಒಂದೂ ಕೆಂಪು ಗುರುತಿಲ್ಲ, ಒಳ್ಳೆಯ ಅಂಕ!

ಜೋರು ಮಾತು ನನಗೆ ಬರುವುದಿಲ್ಲ. ಆದರೂ ಸೀರೆ ಬದಲಿಸಿ ಹುಡುಗಿಯ ಜೊತೆ ಕಾಲೇಜಿಗೆ ಹೊರಟೆ. ಅಧ್ಯಾಪಕರು ಮರ್ಯಾದೆಯಿಂದಲೇ ಕುರ್ಚಿ ತೋರಿಸಿದರು.

“ಕಾಲು ನೋಡಿ ಗುರುತಿಸುವ ವಿಷಯ ಓದಿದ್ರಾ ಸರ್?” ಎಂದೆ.

“ಯಾವ ಕಾಲು?” ಎಂದರು. ಆಮೇಲೆ, “ಹೊರಗಿನ ಪರೀಕ್ಷಕರು ಭಾಷೆ ನೋಡ್ತಾರೆ ಮೇಡಂ. ತಪ್ಪಿದ್ರೆ ನನ್ನನ್ನು ಕೇಳ್ತಾರೆ. ಮಾದರಿಯಲ್ಲಿ ಒಂದು ತಪ್ಪಿಲ್ಲ.”

“ತಪ್ಪು ನಾನು ತಿದ್ದಿ ಕೊಡ್ತೇನೆ ಸರ್. ಇವಳದ್ದನ್ನೇ ತೆಗೊಳ್ಳಿ.”

“ನೀವು ತಿದ್ದಿದ್ರೆ ಅದು ಇವಳ ಇಂಗ್ಲಿಷ್ ಆಗುದಿಲ್ವಲ್ಲ ಮೇಡಂ!”

ಫೈಲನ್ನು ಎತ್ತಿಕೊಂಡು ಎದ್ದೆ. ಹೇಳಬೇಕಿದ್ದದ್ದೆಲ್ಲ ಬಸ್ಸಿನಲ್ಲಿ ಕೂತ ಮೇಲೆ ಬಂತು. ಯಾರದ್ದೋ ಕದ್ದರೆ ಶುದ್ಧ, ಸ್ವಂತದ್ದನ್ನು ತಡವರಿಸುತ್ತ ಹೇಳಿದರೆ ಅಶುದ್ಧ! ಅಂಕ ಕೊಡುವವರು ಮೊದಲು ಹುಡುಗಿ ಎಂತ ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳಬೇಡವೇ? ಟಿಕೆಟನ್ನು ಸುರುಳಿ ಸುತ್ತಿ ಸುತ್ತಿ ಹರಿದೇಬಿಟ್ಟೆ.

ಸಂಜೆ ಅವಳು ನಮ್ಮ ಜಗಲಿಯಲ್ಲೇ ಮಾದರಿಯ ಜೆರಾಕ್ಸ್ ಹರಡಿಕೊಂಡು, ಮೀನು ಎಂದಿದ್ದಲ್ಲೆಲ್ಲ ಬೀಡಿ ಎಂದು ಹಾಕತೊಡಗಿದಳು.

“ಇನ್ನೊಂದು ವರ್ಷ ನನಗೋಸ್ಕರ ಬೀಡಿ ಕಟ್ಟು ಅಂತ ಅಮ್ಮನಿಗೆ ಹೇಗೆ ಹೇಳುದು ಆಂಟಿ?”

ಅವಳ ಸ್ವಂತ ವರದಿಯನ್ನು ಫೈಲಿನೊಳಗೆ ಸೇರಿಸಿಟ್ಟೆ. ಅಂಗಳಕ್ಕಿಳಿದು, ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಅವರು ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕುತ್ತಲೇ, “ಇಷ್ಟಕ್ಕೆಲ್ಲ ಎಂತ ಬೇಜಾರು ಮಾರಾಯ್ರೆ! ನಮ್ಮ ಮಗಳು ಓದುವಾಗ ಕೊಟ್ಟ ವರದಿಯೂ ಒಂದು ಅಟ್ಟದಲ್ಲಿ ಉಂಟು, ಬೇಕಾದ್ರೆ ಕೊಡ್ತೇನೆ. ಯಾರೂ ಬಿಡಿಸಿ ಸಹ ನೋಡ್ಲಿಲ್ಲ, ಹೊಸದರ ಹಾಗೇ ಉಂಟು” ಎಂದರು.